ಗೋಡೆ ಹಾರಿದ ಸ್ಪ್ರಿಂಗು

ಎಲೈ ತುಕ್ಕಿನ ಮಹಾದೇವಿಯೇ, ಉಕ್ಕನ್ನು ಸದ್ದಿಲ್ಲದೆ ಮೆಲ್ಲುವವಳೇ, ಅರಸರ ಖಡ್ಗವನ್ನೂ ಅಡುಗೆಮನೆಯ ಈಳಿಗೆಯನ್ನೂ ಸಮಭಾವದಿಂದ ಕಾಣುವವಳೇ, ಅರೆಗಳಿಗೆ ನಿನ್ನ ಹಸಿವನ್ನು ತಡೆದು ಈ ಕಥನಕ್ಕೆ ಕಿವಿಗೊಡು! ಕುಕ್ಕರುಗಳು ಶಂಖನಾದಗೈಯುವ, ಮಿಕ್ಸರುಗಳು ಸಿಂಹನಾದಗೈಯುವ ಈ ಕಲಿಯುಗದ ಒಂದು ಬೇಸಿಗೆಯ ಬೆಳಗಿನಲ್ಲಿ, ಗದಗ ಸೀಮೆಯ ಹೊಂಬಳಗೆರೆಯೆಂಬ ಪಟ್ಟಣದಲ್ಲಿ, ಅರಿನೃಪಭಯಂಕರರೂ ಗಿರಿಜಾಮೀಸಾಲಂಕೃತರೂ ಮಂಡಿನೋವಿಗೂ ಮಣಿಯದವರೂ ಆದ ಶ್ರೀಮದ್ ಅಂದಾನಪ್ಪ ದೇಸಾಯರು ತಮ್ಮ ಪಿಸ್ತೂಲನ್ನು ಬಿಚ್ಚಿದರು. ಆ ಬಿಚ್ಚುವಿಕೆಯಿಂದ ಹುಟ್ಟಿದ ಘೋರ ಸಮರವನ್ನು ಈಗ ಕೇಳಿರಿ.

ಆ ಆಯುಧವಾದರೂ ಎಂಥದು? ಅಂಗೈಯಗಲದ್ದು. ಅವರ ಅಜ್ಜ ಬ್ರಿಟಿಷರ ಕಾಲದಲ್ಲಿ ಮುಂಬಯಿಯಿಂದ ತರಿಸಿದ, ಕೋಟಿನ ಕಿಸೆಯಲ್ಲಿ ಅಡಕೆಯ ಚೀಲದ ಪಕ್ಕದಲ್ಲೇ ಅಡಗಿ ಕೂರುವ, ಇರುಳಿನಂತೆ ಕಪ್ಪಾದ ವಿಲಾಯತಿ ಪಿಸ್ತೂಲು. ಹೊಲಗಳು ಹೋಗಿ, ವಾಡೆ ಪಾಲಾಗಿ, ದೇಸಗತಿಯ ವೈಭವದಲ್ಲಿ ಉಳಿದದ್ದು ಅದೊಂದೇ. ಅದು ಯಾರ ಮೇಲೂ ಹಾರಿದ್ದನ್ನು ಕಂಡವರಿಲ್ಲ. ಆದರೂ ದೇಸಾಯರು ಸಂತೆಗೆ ಹೊರಟರೆ "ಪಿಸ್ತೂಲ್ ದೇಸಾಯರು ಬಂದ್ರು, ದಾರಿ ಬಿಡ್ರಿ" ಎಂದು ಜನ ಬದಿಗೆ ಸರಿಯುತ್ತಿದ್ದರು. ಆ ಬಿರುದು ಹೋದರೆ ತಾವು ಬರೀ ಮಂಡಿನೋವಿನ ಮುದುಕ ಎಂಬುದು ದೇಸಾಯರಿಗೆ ಚೆನ್ನಾಗಿ ಗೊತ್ತಿತ್ತು. 

ಅಂಥ ಬಿರುದಿಗೇ ಈಗ ಕುತ್ತು ಬಂದಿತ್ತು. ಲೈಸೆನ್ಸು ಮುಂದುವರಿಯಬೇಕಾದರೆ ಅಂದು ಮಧ್ಯಾಹ್ನ ಪಿಸ್ತೂಲನ್ನು ಠಾಣೆಗೆ ತಂದು ತೋರಿಸಬೇಕೆಂದು ಪಿಎಸ್‌ಐ ಮೇಡಂ ಫೋನು ಮಾಡಿದ್ದರು. ತೆಗೆದು ನೋಡಿದರೆ ಪಿಸ್ತೂಲಿನ ಮೇಲ್ಭಾಗ ಎಷ್ಟು ಎಳೆದರೂ ಹಿಂದಕ್ಕೆ ಸರಿಯದು!

"ಹ್ವಾದ ವರ್ಷ ಕೊಬ್ಬರಿ ಎಣ್ಣಿ ಹಚ್ಚೀರಿ, ಅದು ಒಳಗ ಅಂಟಾಗಿ ಕುಂತೈತಿ" ಎಂದರು ಧರ್ಮಪತ್ನಿ ನೀಲಗಂಗವ್ವ, ಮೆಣಸಿನಕಾಯಿಯ ತೊಟ್ಟು ಮುರಿಯುತ್ತ. "ಹೊಲಿಗಿ ಮಷೀನಿನ ಎಣ್ಣಿ ಐತಿ, ಕೊಡ್ಲೇನು?"

ಯೌವನದಲ್ಲಿ ದೊಡ್ಡಾಟದ ರಾಜಪಾತ್ರಗಳನ್ನು ಕುಣಿದ ದೇಸಾಯರಿಗೆ ಸಿಟ್ಟು ಬಂದಾಗ ಆಡುಮಾತು ಸಾಲುತ್ತಿರಲಿಲ್ಲ. "ಎಲೌ ನಾರೀಮಣಿ!" ಎಂದು ಗರ್ಜಿಸಿದರು. "ವೈರಿಕುಲದ ಗುಂಡಿಗೆಯೊಡೆಯುವ ಈ ಸಿಡಿಲಮರಿಗೆ ರವಿಕೆ ಹೊಲಿಯುವ ಯಂತ್ರದ ತೈಲವೇ? ಛೀ! ಈ ಭುಜಬಲವೊಂದೇ ಸಾಕು!"

"ಸಾಕಾದ್ರ ಸಾಕು. ಕಿಟಕಿ ಮುಂದ ಬಿಚ್ಚಬ್ಯಾಡ್ರಿ, ಏನರ ಹಾರೀತು."

ವೀರರು ಎಚ್ಚರಿಕೆಗೆ ಕಿವಿಗೊಟ್ಟರೆ ವೀರಗಾಥೆಗಳು ಹುಟ್ಟುವುದೆಲ್ಲಿಂದ? ದೇಸಾಯರು ಕಿಟಕಿಯ ಮುಂದೆಯೇ ಮೇಜಿನ ಮೇಲೆ ಶುಭ್ರಧೋತರವನ್ನು ಹಾಸಿದರು. ಗುಂಡಿನ ಗೂಡನ್ನು ಕಳಚಿಟ್ಟರು. ಬಳಿಕ ತುಟಿ ಕಚ್ಚಿ, ಕಣ್ಣು ಕೆಂಪಾಗಿಸಿ, ಪೂರ್ವಜರನ್ನೆಲ್ಲ ನೆನೆದು, ಮದಗಜವು ಆಲದ ಬೊಡ್ಡೆಯನ್ನು ಸೆಳೆಯುವಂತೆ ಸೆಳೆದರು. ಅಂಟು ಹರಿಯಿತು. ಮೇಲ್ಭಾಗ ಕಳಚಿ ಕೈಗೆ ಬಂತು. ಅದೇ ಕ್ಷಣದಲ್ಲಿ ಒಳಗೆ ಸೆರೆಯಾಗಿದ್ದ ಸ್ಪ್ರಿಂಗು, ಬೆರಳುದ್ದದ ಆ ಉಕ್ಕಿನ ಸುರುಳಿ, ಬಿಡುಗಡೆಯ ಉನ್ಮಾದದಿಂದ ಟಿಂವ್ವೆಂದು ಚಿಮ್ಮಿ, ಕಿಟಕಿಯನ್ನು ದಾಟಿ, ಗೋಡೆಯನ್ನು ಲಂಘಿಸಿ, ಶತ್ರುರಾಜ್ಯವನ್ನು ಹೊಕ್ಕಿತು.

ಗೋಡೆಯಾಚೆಯ ಆ ರಾಜ್ಯವನ್ನಾಳುತ್ತಿದ್ದವರು ದೇಸಾಯರ ಚಿಕ್ಕಪ್ಪನ ಮಗ ಫಕೀರಪ್ಪನವರು. ವಾಡೆ ಪಾಲಾದಾಗ ಅಜ್ಜನ ಪಿಸ್ತೂಲು ಅಂದಾನಪ್ಪನವರಿಗೆ, ಅಜ್ಜನ ಗ್ರಾಮೋಫೋನು ಫಕೀರಪ್ಪನವರಿಗೆ ಬಂದಿತ್ತು. ಗ್ರಾಮೋಫೋನಿಗೆ ಊರಲ್ಲಿ ಯಾರೂ ಹೆದರಲಿಲ್ಲ. ಅಂದಿನಿಂದ ಅಣ್ಣತಮ್ಮಂದಿರಲ್ಲಿ ಮಾತಿಲ್ಲ. ಆ ಬೆಳಗು ಫಕೀರಪ್ಪನವರು ಅಂಗಳದಲ್ಲಿ ಬೋಳುತಲೆಯನ್ನು ಬಿಸಿಲಿಗೊಡ್ಡಿ, ಬೆತ್ತ ಹಿಡಿದು, ಹೆಂಡತಿ ಹಗ್ಗದ ಹೊರಸಿನ ಮೇಲೆ ಇಟ್ಟುಹೋದ ಸಂಡಿಗೆಯನ್ನು ಕಾಗೆಗಳಿಂದ ಕಾಯುತ್ತ ಕುಳಿತಿದ್ದರು. ಆಕಾಶಮಾರ್ಗದಿಂದ ಬಂದ ಸ್ಪ್ರಿಂಗು ಆ ನುಣುಪಾದ ಶಿಖರದ ಮೇಲೆ ಟಣ್ಣೆಂದು ಎರಗಿತು.

"ಅಯ್ಯಯ್ಯೋ, ಗುಂಡು ಬಿತ್ತಲೇ! ಅಂದಾನಣ್ಣ ನನ್ನ ಹೊಡದಾ!" ಎಂಬ ಆರ್ತನಾದಕ್ಕೆ ಕಾಗೆಗಳು ದಿಕ್ಕೆಟ್ಟು ಹಾರಿದವು. ಫಕೀರಪ್ಪನವರು ಹೊರಸಿನ ಅಡಿಗೆ ಉರುಳಿ, ಕಣ್ಣುಮುಚ್ಚಿ, ಸಾವನ್ನು ಕಾದರು. ಸಾವು ಬರಲಿಲ್ಲ. ತಲೆ ಸವರಿಕೊಂಡರು, ರಕ್ತವೂ ಇಲ್ಲ. ಎದ್ದು ನೋಡಿದರೆ ಸಂಡಿಗೆಯ ನಡುವೆ ಸ್ಪ್ರಿಂಗು ಮಿಂಚುತ್ತಿತ್ತು. ಅದೇನೆಂದು ಅವರಿಗೆ ತಟ್ಟನೆ ಹೊಳೆಯಿತು. ಮುಖದ ಮೇಲೆ ನಗು ಅರಳಿತು, ಅದನ್ನೆತ್ತಿ ಮುಷ್ಟಿಯಲ್ಲಿ ಅಡಗಿಸಿದರು.

ಇತ್ತ ದೇಸಾಯರು ಕುರ್ಚಿಯನ್ನೇರಿ ಗೋಡೆಯ ಮೇಲೆ ಮೊಗದೋರಿದರು. ಎಷ್ಟೋ ವರ್ಷಗಳ ಮೌನ ಅಲ್ಲಿಗೆ ಮುರಿಯಿತು.

"ಎಲವೋ ಸಂಡಿಗೆಪಾಲಕಾ! ಕಾಗೆಗಳೊಡನೆ ಕಾದಾಡಿ ಶೂರನೆನಿಸಿದವನೇ! ಮುಷ್ಟಿಯಲ್ಲಡಗಿಸಿದ ನನ್ನ ಆಯುಧದ ಪ್ರಾಣವಾಯುವನ್ನು ಈಗಿಂದೀಗಲೇ ಒಪ್ಪಿಸು! ಇಲ್ಲವಾದರೆ ಈ ಗೋಡೆಯನ್ನು ಪುಡಿಗೈದು ಬರುವೆ!"

ಫಕೀರಪ್ಪನವರೂ ದೊಡ್ಡಾಟದವರೇ, ದೇಸಾಯರ ರಾಜನಿಗೆದುರಾಗಿ ರಾಕ್ಷಸನ ಪಾತ್ರ ಕುಣಿದವರು. ಬೆತ್ತವನ್ನು ಗದೆಯಂತೆ ಹೆಗಲಿಗೇರಿಸಿದರು. "ಹಹ್ಹಾ! ಕುರ್ಚಿಯಿಲ್ಲದೆ ಗೋಡೆ ಕಾಣದ ಕುಬ್ಜನೇ! ನಿರಾಯುಧನ ನೆತ್ತಿಗೆ ಹೊಡೆದ ಹೇಡಿಯೇ! ಬಾಣವು ಬಿದ್ದ ನೆಲದ ಒಡೆಯನದು. ಸ್ಪ್ರಿಂಗು ನನ್ನದು! ನೀನು ಆ ಟೊಳ್ಳು ಕಬ್ಬಿಣವನ್ನು ಹಿಡಿದು ಗೆದ್ದಲನ್ನು ಹೆದರಿಸು ಹೋಗು!"

"ಮಂಡಿ ಹಿಡದ್ರ ನಾ ಎತ್ತಂಗಿಲ್ಲ, ಕೆಳಗ ಇಳೀರಿ" ಎಂದರು ನೀಲಗಂಗವ್ವ ಕುರ್ಚಿಯ ಕಾಲನ್ನು ಭದ್ರವಾಗಿ ಹಿಡಿದು. ಗೋಡೆಯತ್ತ ಮುಖವೆತ್ತಿ ಕೂಗಿದರು: "ಫಕೀರಪ್ಪಾ, ನಿಂಗ ಏನ್ ಬೇಕೋ ಹೇಳಿಬಿಡಪಾ. ಮಧ್ಯಾಹ್ನ ಠಾಣೇಕ ಹೋಗಬೇಕಾಗೇತಿ. ಪಿಸ್ತೂಲು ನಡೀಲಿಲ್ಲಂದ್ರ ಜಪ್ತಿ ಮಾಡ್ತಾರಂತ ನಿಮ್ಮಣ್ಣ ಮುಂಜಾನಿಂದ ನೀರೂ ಕುಡದಿಲ್ಲ."

ಆಚೆ ಬೆತ್ತ ಹೆಗಲಿನಿಂದ ಇಳಿಯಿತು. ರಾಕ್ಷಸನ ದನಿಯಿಂದ ರಾಕ್ಷಸತನವೆಲ್ಲ ಸೋರಿಹೋಗಿತ್ತು.

"ಒಂದ್ಸಲ ನನ್ನ ಕೈಯಾಗ ಕೊಡಬೇಕ್ರಿ ವೈನಿ. ಅಜ್ಜ ಯಾವತ್ತೂ ಅಣ್ಣನ ಕೈಯಾಗ ಅಷ್ಟ ಕೊಡ್ತಿದ್ದ. ನಾ ಅದನ್ನ ಮುಟ್ಟೇ ಇಲ್ಲ."

ಕುರ್ಚಿಯ ಮೇಲೆ ನಿಂತ ದೇಸಾಯರು ಬೆಪ್ಪಾದರು. ಈ ಮಹಾವೈರದ ಬೇರು ಇಷ್ಟು ಎಳೆಯದೆಂದು ಅವರು ಎಣಿಸಿರಲಿಲ್ಲ. ಬಾಯಿಗೆ ಬಂದಿದ್ದ ಇನ್ನೊಂದು ಘನವಾದ ಬೈಗುಳವನ್ನು ನುಂಗಿಕೊಂಡರು. "ಬಾರಲೇ, ಮುಂದಿನ ಬಾಗಿಲಿಂದ ಬಾ" ಎಂದರು.

ಫಕೀರಪ್ಪನವರು ಓಣಿ ಸುತ್ತಿ ಬಂದರು. ಸ್ಪ್ರಿಂಗನ್ನು ಮೇಜಿನ ಮೇಲಿಟ್ಟು, ಧೋತರಕ್ಕೆ ಕೈ ಒರೆಸಿಕೊಂಡು, ಬರಿದಾದ ಪಿಸ್ತೂಲನ್ನು ಕೂಸಿನಂತೆ ಎರಡೂ ಅಂಗೈಯಲ್ಲಿ ಎತ್ತಿಕೊಂಡರು. "ಇಷ್ಟ ಸಣ್ಣದು?" ಎಂದರು.

"ಮಂದಿಗೆ ಹೇಳಬ್ಯಾಡ" ಎಂದರು ದೇಸಾಯರು.

ಆಗ ಮೊದಲಾಯಿತು ಎರಡನೆಯ ಯುದ್ಧ. ಹೊರಗೆ ಬಂದ ಸ್ಪ್ರಿಂಗು ಮತ್ತೆ ಸೆರೆಮನೆಗೆ ಹೋಗಲೊಲ್ಲದು. ಅಣ್ಣ ಒತ್ತಿದರೆ ತಮ್ಮನ ಬೆರಳಿಗೆ ಕಚ್ಚುವುದು, ತಮ್ಮ ಒತ್ತಿದರೆ ಅಣ್ಣನ ಮೀಸೆಗೆ ತಾಗುವುದು. "ತಿರುವಿ ಹಿಡಿ!" "ನೀ ತಿರುವೀ, ನಾ ನೆಟ್ಟಗ ಹಿಡದೀನಿ!" ನಾಲ್ಕು ಕೈಗಳೂ ಬೆವರಿನಲ್ಲಿ ಜಾರಿದವು. ನೀಲಗಂಗವ್ವ ಕಿಟಕಿ ಮುಚ್ಚಿ, ಯಾರ ಅಪ್ಪಣೆಯನ್ನೂ ಕೇಳದೆ, ಹೊಲಿಗೆ ಮಷೀನಿನ ಎಣ್ಣೆಯನ್ನು ಎರಡು ಹನಿ ಬಿಟ್ಟರು. ಕಟಕ್ಕೆಂದು ಸದ್ದಾಯಿತು. ಮೇಲ್ಭಾಗ ಹಿಂದೆ ಸರಿದು, ಮುಂದೆ ಬಂದು, ತನ್ನ ನೆಲೆಯಲ್ಲಿ ನಿಂತಿತು. ಇಬ್ಬರು ವೀರರೂ ಒಬ್ಬರನ್ನೊಬ್ಬರು ನೋಡಿ ಹಲ್ಲು ಕಿರಿದರು.

ಹೀಗೆ ಅಪರಾಹ್ನದ ಉರಿಬಿಸಿಲಿನಲ್ಲಿ, ಕರಿಕೋಟು ತೊಟ್ಟು, ಜರಿರುಮಾಲು ಸುತ್ತಿ, ಫಕೀರಪ್ಪನವರ ಹಳೆಯ ಸ್ಕೂಟರೆಂಬ ರಥವನ್ನೇರಿ ಸಹೋದರರಿಬ್ಬರೂ ಠಾಣೆಗೆ ದಂಡೆತ್ತಿ ಹೋದರು. ಪಿಎಸ್‌ಐ ಮೇಡಂ ಪಿಸ್ತೂಲನ್ನು ಎಳೆದು ನೋಡಿದರು, ಮೈಮೇಲಿನ ನಂಬರನ್ನು ಲೈಸೆನ್ಸಿಗೆ ಹೋಲಿಸಿದರು.

"ಛಲೋ ಇಟ್ಟೀರಿ. ಗುಂಡು ಎಷ್ಟದಾವ್ರಿ?"

ದೇಸಾಯರು ರುಮಾಲು ಸರಿಮಾಡಿಕೊಂಡರು. ತಮ್ಮನತ್ತ ನೋಡಲಿಲ್ಲ. "ಇಲ್ರಿ. ಅಜ್ಜನ ಕಾಲಕ್ಕ ಮುಗದಾವು. ಈ ನಮೂನೀವು ಎಲ್ಲೂ ಸಿಗವಲ್ವು."

"ಹಂಗಾರ ಇಷ್ಟು ವರ್ಷ ಊರೆಲ್ಲ ಹೆದರಿದ್ದು..." ಎಂದು ಫಕೀರಪ್ಪನವರು ಬಾಯಿ ತೆರೆದರು. ಅಣ್ಣನ ಮುಖ ಕೆಂಪಾದದ್ದನ್ನು ಕಂಡು ತೆರೆದ ಬಾಯನ್ನು ಹಾಗೆಯೇ ಮುಚ್ಚಿದರು.

ಮೇಡಂ ಬರೆಯತೊಡಗಿದರು. ತಲೆಯ ಮೇಲಿನ ಫ್ಯಾನು ಪ್ರಳಯಮಾರುತದಂತೆ ಬೀಸಿ ಮೇಜಿನ ಕಾಗದಗಳನ್ನು ಎಬ್ಬಿಸಿತು. ಅವರು ತಲೆಯೆತ್ತದೆ ಪಿಸ್ತೂಲನ್ನು ತೆಗೆದು ಆ ಕಾಗದಗಳ ಮೇಲಿಟ್ಟರು. ಆಹಾ! ಹುಟ್ಟಿದಂದಿನಿಂದ ಯಾವ ಶತ್ರುವನ್ನೂ ನೆಲಕ್ಕೊತ್ತದಿದ್ದ ಆ ಆಯುಧವು ಅಂದು ಇಡೀ ಒಂದು ಕಟ್ಟು ಅರ್ಜಿಗಳನ್ನು ಅಲುಗಾಡದಂತೆ ಒತ್ತಿ ಹಿಡಿಯಿತು. ಸಹೋದರರಿಬ್ಬರೂ ಸೆಟೆದು ನಿಂತು ನೋಡಿದರು.

"ಅಣ್ಣಾ, ಒಂದು ಹಾಳೀನೂ ಮಿಸುಕವಲ್ದು" ಎಂದು ಪಿಸುಗುಟ್ಟಿದರು ಫಕೀರಪ್ಪನವರು.

ದೇಸಾಯರ ಕೈ ತಾನಾಗಿ ಮೀಸೆಗೆ ಹೋಯಿತು.

ಅಷ್ಟರಲ್ಲಿ ಕರೆಂಟು ಹೋಗಿ ಫ್ಯಾನು ನಿಂತಿತು.