ಸೂರ್ಯನ ಕುರು

ಪರೀಕ್ಷೆಯ ಕೆಲಸಕ್ಕೆಂದು ಹತ್ತು ದಿನ ಗುಂಡ್ಲುಪೇಟೆಗೆ ಹೊರಟ ವಿಜ್ಞಾನದ ಮೇಷ್ಟ್ರು ಶಿವರುದ್ರಸ್ವಾಮಿ, ಸೂರ್ಯನನ್ನು ಹೆಂಡತಿ ಚಂದ್ರಮತಿಯ ವಶಕ್ಕೆ ಒಪ್ಪಿಸಿ ಹೋದದ್ದೇ ಎಡವಟ್ಟಾಯಿತು. ಐವತ್ತೇಳನೆಯ ಇಸವಿ, ಸೂರ್ಯನ ಮೈತುಂಬ ಕಲೆಗಳಿದ್ದ ಕಾಲ. ದಿನಾ ಬೆಳಿಗ್ಗೆ ದುರ್ಬೀನಿನಿಂದ ಬಿಳಿ ಕಾಗದದ ಮೇಲೆ ಬಿಂಬ ಬೀಳಿಸಿ, ಇವತ್ತು ಯಾವ ಕಲೆ ಜ್ವಾಲೆ ಕಾರೀತೆಂದು ಆರಿಸಿ, ಬೆಟ್ಟದ ಮೇಲಿನ ವೀಕ್ಷಣಾಲಯಕ್ಕೆ ತಂತಿ ಕೊಡಬೇಕು. ಅಲ್ಲಿಯ ದೊಡ್ಡ ದುರ್ಬೀನು ದಿನವಿಡೀ ಅದರ ಕಡೆಗೇ ತಿರುಗಿರುತ್ತಿತ್ತು.

ಚಾಮರಾಜನಗರದ ಆ ಮನೆಯಲ್ಲಿ ಸಾರಿಗೆ ಯಾವ ಕಾಳೆಂದು ಅತ್ತೆ ಹೇಳುತ್ತಿದ್ದರು, ಸೀರೆಗೆ ಯಾವ ಬಣ್ಣವೆಂದು ಗಂಡ. ಚಂದ್ರಮತಿ ತಾನಾಗಿ ಆರಿಸುವುದು ಇದೊಂದೇ. ಇದನ್ನು ಯಾರಿಗೂ ಬಿಟ್ಟುಕೊಡುವ ಮನಸ್ಸು ಅವಳಿಗಿರಲಿಲ್ಲ.

ಆ ದಿನ ತಾರಸಿಯ ಮೇಲೆ ಬೀಳಿಸಿದ ಬಿಂಬದಲ್ಲಿ ಪೂರ್ವಕ್ಕೆ ಕಾಡಿಗೆಯ ಬೊಟ್ಟಿನಂಥ ದುಂಡನೆಯ ಕಲೆ. ಪಶ್ಚಿಮಕ್ಕೆ ಇರುವೆ ಚೆಲ್ಲಿದಂಥ ಗುಂಪು. ಅವಳಿಗೆ ದುಂಡನೆಯದು ಮೆಚ್ಚಿಗೆಯಾಯಿತು. ಅಷ್ಟರಲ್ಲಿ ಹಪ್ಪಳ ಒಣಹಾಕಲು ಪಕ್ಕದ ಮನೆಯ ಚಿಕ್ಕಬಸಮ್ಮ ತಾರಸಿ ಹತ್ತಿದಳು. ಬೀದಿಯವರ ಕುರುಗಳಿಗೆಲ್ಲ ಪಟ್ಟು ಹಾಕುವವಳು ಅವಳೇ.

"ಇದೇನ್ ಕಣಮ್ಮಿ?"

"ಸೂರ್ಯ, ಅಕ್ಕಯ್ಯ. ಈ ದುಂಡಗಿರೋದು ಇವತ್ತು ಸಿಡಿಯುತ್ತೆ ಅಂತ ತಂತಿ ಕೊಡ್ತೀನಿ."

"ಅದೆಲ್ ಒಡೆದದು, ಬುಡು! ಕಲ್ಲಂಗೆ ಕುಂತದೆ. ಇಗಾ, ಈ ಬಾಯಿಬಾಯಾಗಿರೋದ್ ನೋಡು. ಅಣ್ಣಾಗದೆ. ಮದ್ಯಾನ್ನುಕ್ ಒಡೀತದೆ."

"ಇದು ಕುರು ಅಲ್ಲ, ಅಕ್ಕಯ್ಯ!"

"ಯಾರ್ ಮೈಮ್ಯಾಲಿದ್ರೇನು, ಕುರು ಕುರುವೇ."

ಚಂದ್ರಮತಿ 'ಪೂರ್ವದ್ದು' ಎಂದೇ ಬರೆದು, ತಂತಿ ಕೊಡಲೆಂದು ಪೇಟೆಗೆ ಹೊರಟಿದ್ದ ಚಿಕ್ಕಬಸಮ್ಮನ ಗಂಡ ಮಹದೇವಯ್ಯನ ಕೈಗೆ ಚೀಟಿ ಕೊಟ್ಟಳು. ಹನ್ನೊಂದು ಗಂಟೆಗೆ ಅವನು ತಲೆ ಕೆರೆದುಕೊಳ್ಳುತ್ತ ಬಾಗಿಲಲ್ಲಿ ನಿಂತ.

"ತಪ್ ತಿಳ್ಕೋಬ್ಯಾಡ ಕಣವ್ವ. ಪಶ್ಚಿಮದ್ದು ಅಂತ ಬರೆಸ್ಬುಟ್ಟೆ. ಇವ್ಳು ಅಂಗೇ ಬರೆಸ್ಬೇಕು ಅಂದ್ಳು."

"ಚೀಟಿ ನಂದಲ್ವಾ ಅಣ್ಣ?"

"ನಿನ್ ಸೂರ್ಯ ಸಂಜೀಗ್ ಮುಳುಗ್ತಾನೆ. ಇವ್ಳು ಮುಳುಗ್ತಾಳಾ?"

ಒಲೆಯ ಮೇಲಿನ ಅನ್ನ ಅತ್ತೆಗೆ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಚಂದ್ರಮತಿ ತಂತಿ ಕಚೇರಿಗೆ ಓಡಿದಳು. ಕಾದ ಕಾವಲಿಯ ಮೇಲಿನ ನೀರಿನ ಹನಿಯಂತೆ ಕುಣಿಯುತ್ತಲೇ ಅರ್ಜೆಂಟ್ ತಂತಿ ಬರೆದಳು: 'ಮೊದಲನೆಯದು ತಪ್ಪು. ಪೂರ್ವದ್ದನ್ನೇ ನೋಡಿ.' ಮದುವೆಯಾದ ಮೇಲೆ ಮೊದಲ ಸಲ ತನ್ನ ಮಾತನ್ನು ತಾನೇ ನಡೆಸಿಕೊಂಡಿದ್ದಳು. ಅಂಗಾಲು ಉರಿದರೂ ವಾಪಸು ಬರುವಾಗ ನಿಧಾನವಾಗಿಯೇ ನಡೆದಳು.

ಸಂಜೆ ಉತ್ತರ ಬಂತು. ಅದನ್ನು ಕೇಳಲು ಜಗಲಿಯಲ್ಲಿ ಅರ್ಧ ಬೀದಿಯೇ ಕೂತಿತ್ತು. ಚಂದ್ರಮತಿ ಓದಿದಳು: 'ನಿಮ್ಮ ಎರಡನೆಯ ತಂತಿ ನಂಬಿ ಪೂರ್ವಕ್ಕೆ ತಿರುಗಿಸಿದೆವು. ಮಧ್ಯಾಹ್ನ ಪಶ್ಚಿಮದ್ದು ಸಿಡಿಯಿತು, ತಪ್ಪಿಹೋಯಿತು. ಇನ್ನು ಮುಂದೆ ಮೊದಲ ತಂತಿ ಕೊಟ್ಟವರೇ ಆರಿಸಲಿ.'

ಚಿಕ್ಕಬಸಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು.

"ನಾಳೀಕ್ ಕಾಗ್ದ ಅಲ್ಲಾಡ್ದಂಗೆ ಇಡ್ಕೋ ಕಣಮ್ಮಿ. ನೀ ಅಷ್ಟ್ ಮಾಡಿದ್ರೆ ಸಾಕು."