ಒಂದು ಮೊಳೆ ಹೆಚ್ಚು

ಗೋಡೆಯ ಮೇಲೆ ಒಂದು ಮೊಳೆ ಹೆಚ್ಚಾಗಿತ್ತು. ಪೊಲ್ದೋನ ಆ ದಿನದ ಪಾಡಿಗೆಲ್ಲ ಅದೇ ಮೂಲ.

ಅಂದು ಸಾನ್ ತೆಲ್ಮೋ ಪ್ರಾಂತ ಹುಟ್ಟಿದ ಹಬ್ಬ. ಮನಿಲಾದಲ್ಲಿ ಅಮೆರಿಕನ್ನರಿದ್ದ ಕಾಲದಿಂದ ಇವತ್ತಿನವರೆಗೆ ಪ್ರಾಂತವನ್ನು ಆಳಿದ ಗವರ್ನರರ ಪಟಗಳನ್ನೆಲ್ಲ ಕಚೇರಿಯ ಹಜಾರದಲ್ಲಿ ಸಾಲಾಗಿ ತೂಗುಹಾಕುವ ಕೆಲಸ ಪೊಲ್ದೋನದು. ಸಂಜೆ ಗವರ್ನರ್ ಅಬ್ರೆನಿಕಾ ಬಂದು ಪರದೆ ಸರಿಸುತ್ತಾರೆ. ಅದೇ ಕೈಯಲ್ಲಿ ಪೊಲ್ದೋನ ನೇಮಕದ ಆದೇಶಕ್ಕೂ ಸಹಿ ಹಾಕುತ್ತಾರೆ. ಮದುವೆಗೆ ಮುಂಚಿನಿಂದಲೂ ಅವನು ಹಂಗಾಮಿ ನೌಕರ. ಈಗ ದೊಡ್ಡ ಮಗಳು ಅವನ ಭುಜಕ್ಕೆ ಬಂದಿದ್ದಾಳೆ. ನಾಳೆಯಿಂದ ಚುನಾವಣೆಯ ಕಟ್ಟುಪಾಡು ಶುರು, ಹೊಸ ನೇಮಕಕ್ಕೆಲ್ಲ ಬೀಗ. ಇವತ್ತು ಸಹಿಯಾದರೆ ಕಾಯಂ. ತಪ್ಪಿದರೆ ಮುಂದಿನ ಗವರ್ನರ್ ಯಾರೋ, ಅವರ ಕಣ್ಣು ಯಾರ ಮೇಲೋ.

ಹೆಂಡತಿ ಲುರ್ದೆಸ್ ಬೆಳಿಗ್ಗೆ ಭಾವನಿಂದ ಎರವಲು ತಂದ, ಸಮಾರಂಭಕ್ಕೆ ತೊಡುವ ಬಾರೊಂಗ್ ಅಂಗಿಯನ್ನು, ಹಸುಗೂಸಿನ ಮೈ ಒರೆಸುವಷ್ಟು ಮೆತ್ತಗೆ ಇಸ್ತ್ರಿ ಮಾಡಿ ತೊಡಿಸಿದ್ದಳು.

"ಕಾಯಂ ಆಗಿ ಮನೆಗೆ ಬಾ. ಶ್ಯಾವಿಗೆ ಮಾಡಿಟ್ಟಿರ್ತೀನಿ. ಅಕ್ಕಪಕ್ಕದವರಿಗೂ ಹೇಳಿದೀನಿ."

"ಅವರಿಗ್ಯಾಕೆ ಹೇಳಿದೆ?"

"ಹೇಳದಿದ್ರೆ ಬರಲ್ವಾ ಅವರು?"

ಆದ್ದರಿಂದ ಇವತ್ತು ಏನೇ ಆಗಲಿ, ಒಂದು ಕೂದಲೆಳೆಯಷ್ಟೂ ತಪ್ಪಬಾರದೆಂದು ಪೊಲ್ದೋ ಹಟ ತೊಟ್ಟಿದ್ದ. ಪಟಗಳನ್ನು ಒಂದೊಂದಾಗಿ ಏರಿಸಿದ. ಮೊದಲಿಗೆ ಗಿರಿಜಾ ಮೀಸೆಯವರು, ಆಮೇಲೆ ಬಿಳಿ ಸೂಟಿನವರು. ಸಾಲಿನ ಕೊನೆಗೆ ಬರೀ ಅಬ್ರೆನಿಕಾಗಳು. ಅಪ್ಪ, ಅಪ್ಪನ ಮೂರು ಅವಧಿ ಮುಗಿದಾಗ ಅಮ್ಮ, ಅಮ್ಮನದು ಮುಗಿದಾಗ ಮಗ. ಆ ತುದಿಯನ್ನು ದೂರದಿಂದ ನೋಡಿದರೆ ಯಾರದೋ ಮನೆಯ ಮದುವೆ ಆಲ್ಬಮ್ಮಿನ ಹಾಗಿತ್ತು.

ಪಟಗಳೆಲ್ಲ ಮುಗಿದವು. ಸಾಲಿನ ನಡುವೆ, ಗವರ್ನರ್ ಪಾಲ್ಮಾ ಅವರ ಪಕ್ಕ, ಒಂದು ಮೊಳೆ ಮಾತ್ರ ಬಿದ್ದ ಹಲ್ಲಿನ ಪಕ್ಕದ ಹಲ್ಲಿನಂತೆ ಒಂಟಿಯಾಗಿ ಉಳಿಯಿತು.

ಬೆರಳಲ್ಲಿ ಎಳೆದ, ಬರಲಿಲ್ಲ. ಇಕ್ಕಳ ಹಿಡಿದು ಜಗ್ಗಿದ, ಬರಲಿಲ್ಲ. ಮೊಳೆ ಹೊಡೆದ ಬಡಗಿ ಮಾಂಗ್ ಇಸ್ಯೋಂಗ್ ಆಗಲೇ ಕೋಳಿ ಅಂಕಕ್ಕೆ ಹೋಗಿಯಾಗಿತ್ತು.

ಅಷ್ಟರಲ್ಲಿ ಲೆಕ್ಕದ ವಿಭಾಗದ ಚಾಯೋಂಗ್ ಒಳಗೆ ಬಂದಳು. ಕಚೇರಿಯಲ್ಲಿ ಯಾವ ಸುದ್ದಿಯೂ ಅವಳ ಬಾಯಿ ದಾಟದೆ ಮುಂದೆ ಹೋಗುವಂತಿರಲಿಲ್ಲ.

"ಅಯ್ಯೋ ಪೊಲ್ದೋ! ಒಬ್ಬ ಗವರ್ನರ್‌ನೇ ಮರೆತುಬಿಟ್ಟಿದೀಯಲ್ಲೋ!"

"ಯಾರನ್ನೂ ಮರೆತಿಲ್ಲ. ಮೊಳೆ ಹೆಚ್ಚಾಗಿದೆ."

"ಸರ್ಕಾರದಲ್ಲಿ ಯಾವತ್ತಾದ್ರೂ ಏನಾದ್ರೂ ಹೆಚ್ಚಾಗಿದ್ದು ಉಂಟಾ? ಮೊಳೆ ಇದೆ ಅಂದ್ರೆ ಗವರ್ನರೂ ಇದಾನೆ." ಬಾಗಿಲವರೆಗೆ ಹೋದವಳು ತಿರುಗಿ, "ಹಾಂ, ಬೆಳಿಗ್ಗೇನೇ ಗವರ್ನರ್ ಕಾರು ವಿಮಾನ ನಿಲ್ದಾಣದ ಕಡೆ ಹೋಯ್ತಂತೆ," ಎಂದಳು.

"ಮನಿಲಾದಿಂದ ಅತಿಥಿಗಳು ಬರ್ತಿರಬೇಕು. ನೀನು ಹೋಗು ತಾಯಿ," ಎಂದು ಪೊಲ್ದೋ ಮತ್ತೆ ಮೊಳೆಗೆ ಜೋತುಬಿದ್ದ.

ಸ್ವಲ್ಪ ಹೊತ್ತಿಗೆ ಸುದ್ದಿ ಗಂಜಿ ಉಕ್ಕಿದ ಹಾಗೆ ಊರಿಡೀ ಹರಿಯಿತು: ಕಚೇರಿಯ ಗೋಡೆಯಲ್ಲಿ ಒಬ್ಬ ಗವರ್ನರಿಗೆ ಜಾಗ ಖಾಲಿ ಇದೆ!

ಮೊದಲು ಬಂದವರು ನಿವೃತ್ತ ಮೇಷ್ಟ್ರು ಗೌದೆನ್ಸ್ಯೋ. ಕಂಕುಳಲ್ಲಿ ತಾತನ ಪಟ, ಕೈಯಲ್ಲಿ ಬಾಳೆಲೆಯ ಮೇಲೆ ಬಿಸಿ ಬಿಬಿಂಕಾ ಕಡುಬು.

"ಜಪಾನಿನವರ ಕಾಲದಲ್ಲಿ ಊರಲ್ಲಿ ಅವರು ಕೂರಿಸಿದ ಗವರ್ನರೊಬ್ಬ, ಗುಡ್ಡದಲ್ಲಿ ಅವರ ವಿರುದ್ಧ ಹೋರಾಡೋರ ಗವರ್ನರೊಬ್ಬ. ಗೊತ್ತು ತಾನೆ?"

"ಗೊತ್ತು ಮೇಷ್ಟ್ರೇ. ಇಬ್ಬರನ್ನೂ ಹಾಕಿದೀನಿ ನೋಡಿ."

"ಗುಡ್ಡದ ಗವರ್ನರಿಗೆ ಮಲೇರಿಯಾ ಬಂದು ಮಲಗಿದಾಗ ಮುದ್ರೆ ಯಾರ ಹತ್ರ ಇತ್ತು? ನಮ್ಮ ತಾತನ ಹತ್ರ! ಮಳೆಯಲ್ಲಿ ನೆನೀದೆ ಇರ್ಲಿ ಅಂತ ಅಕ್ಕಿ ಮಡಕೇಲಿ ಬಚ್ಚಿಟ್ಟಿದ್ರು!"

"ಮುದ್ರೆ ಇಟ್ಕೊಂಡವರು ಗವರ್ನರಾದ್ರೆ ಆ ಅಕ್ಕಿ ಮಡಕೇನೂ ಗವರ್ನರೇ, ಮೇಷ್ಟ್ರೇ."

ಮೇಷ್ಟ್ರು ಪಟದ ಜೊತೆ ಕಡುಬನ್ನೂ ವಾಪಸು ತೆಗೆದುಕೊಂಡು ಹೋದರು. ಪೊಲ್ದೋ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಆದರೂ ಮನಸ್ಸು ಕದಲಿಸಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ದೊಡ್ಡ ಮನೆಯ ಯಜಮಾನಿ ದೋನ್ಯಾ ರೆಮೆದಿಯೋಸ್ ಬಂದರು. ಉಪ ಗವರ್ನರ್ ಬೆನಿಲ್ದಾ ವಿಯಾಕೋರ್ತಾ ಅವರ ಸೋದರತ್ತೆ. ಊರಿನ ಅರ್ಧ ಮಕ್ಕಳಿಗೆ ಜ್ಞಾನಸ್ನಾನದ ಧರ್ಮತಾಯಿ. ಹಿಂದೆ ಇಬ್ಬರು ಆಳುಗಳು ಬಾಗಿಲಿನಷ್ಟು ದೊಡ್ಡ ಪಟವೊಂದನ್ನು ಹೊತ್ತು ಏದುಸಿರು ಬಿಡುತ್ತಿದ್ದರು.

"ಇದು ನಮ್ಮಪ್ಪಾಜಿ. ಪಾಲ್ಮಾ ಹೊಟ್ಟೆ ಕೊಯ್ಸಿಕೊಳ್ಳೋಕೆ ಮನಿಲಾಕ್ಕೆ ಹೋದಾಗ ಈ ಪ್ರಾಂತ ಆಳಿದವರು. ಮೊಳೆ ಸರಿಯಾಗಿ ಪಾಲ್ಮಾ ಪಕ್ಕದಲ್ಲೇ ಇದೆ. ದೇವರೇ ಹೊಡೆದಿಟ್ಟಿದಾನೆ. ಏರಿಸ್ರೋ!"

ಪೊಲ್ದೋ ಕೈ ಅಗಲಿಸಿ ಮೊಳೆಗೆ ಅಡ್ಡ ನಿಂತ. "ದೋನ್ಯಾ, ತಮ್ಮಪ್ಪಾಜಿ ಹಂಗಾಮಿ ಗವರ್ನರ್ ಆಗಿದ್ರು. ಗವರ್ನರ್ ಊರಲ್ಲಿಲ್ಲದಾಗ ಕುರ್ಚಿ ಕಾದವರು. ಕುರ್ಚಿ ಕಾಯೋದು ಬೇರೆ, ಕೂರೋದು ಬೇರೆ."

"ಹಂಗಾಮಿ ಅಂತೆ ಹಂಗಾಮಿ!" ದೋನ್ಯಾ ಬೀಸಣಿಗೆಯನ್ನು ಪಟ್ಟನೆ ಮಡಚಿದರು. "ನೀನೂ ಹಂಗಾಮಿನೇ ಅಲ್ವೇನೋ? ಹಾಗಾದ್ರೆ ನೀನಿಲ್ಲಿ ಕೆಲಸ ಮಾಡೇ ಇಲ್ಲ ಅನ್ನೋಣ್ವಾ?"

ಮಾತು ನೆಟ್ಟಗೆ ಎದೆಗೆ ತಾಗಿತು. ಆದರೂ ಪೊಲ್ದೋ ಮೊಳೆ ಬಿಟ್ಟು ಕದಲಲಿಲ್ಲ. "ಅದಕ್ಕೇ ದೋನ್ಯಾ, ನನ್ನ ಪಟಾನೂ ಯಾರೂ ಹಾಕಲ್ಲ."

"ನೀನು ಪಾಪಚ್ಚಿ ಕಣಪ್ಪ, ನಿನ್ನ ಬೈದು ನನಗೇನು?" ಎಂದು ದೋನ್ಯಾ ಪಟದ ಪಕ್ಕ ಕುರ್ಚಿ ಎಳೆದು ಕೂತೇಬಿಟ್ಟರು. "ಬೆನಿಲ್ದಾ ಬರ್ಲಿ. ಅವಳ ತಾತ ತಾನೆ. ಅವಳೇ ಹೇಳ್ತಾಳೆ."

ಪೊಲ್ದೋನೂ ಕದಲಲಿಲ್ಲ, ದೋನ್ಯಾನೂ ಏಳಲಿಲ್ಲ. ಒಬ್ಬರನ್ನೊಬ್ಬರು ಅಂಕದ ಕೋಳಿಗಳ ಹಾಗೆ ನೋಡುತ್ತ ಸಂಜೆ ಮಾಡಿದರು.

ಸಂಜೆ ಹಜಾರ ತುಂಬಿತು. ಮೇಯರುಗಳು, ಪಾದ್ರಿಗಳು, ವಾದ್ಯದವರು, ಕೆಂಪು ಗೌನಿನ ಚಾಯೋಂಗ್, ಬಾಗಿಲ ಬಳಿ ಕತ್ತು ಉದ್ದ ಮಾಡಿ ನಿಂತ ಲುರ್ದೆಸ್. ಗವರ್ನರರ ಕಾರು ಬಂದು ನಿಂತಿತು. ಇಳಿದವರು ಉಪ ಗವರ್ನರ್ ಬೆನಿಲ್ದಾ. ಗವರ್ನರ್ ಹಿಂದಿನ ಕಾರಿನಲ್ಲಿರಬೇಕೆಂದು ಪೊಲ್ದೋ ಅಂದುಕೊಂಡ.

ದೋನ್ಯಾ ಎಲ್ಲರೆದುರೇ ದೂರು ಒಪ್ಪಿಸಿದರು. ಬೆನಿಲ್ದಾ ತಾತನ ಪಟವನ್ನು ನೋಡಿದರು, ಪರದೆಯ ಸಂದಿನಿಂದ ಖಾಲಿ ಮೊಳೆಯನ್ನು ನೋಡಿದರು, ಮೈಕನ್ನು ಪೊಲ್ದೋನ ಕೈಗಿತ್ತರು.

"ಗೋಡೆ ನಿಮ್ಮ ಹೊಣೆ. ನಿಯಮ ಏನು ಅಂತ ನೀವೇ ಜನಕ್ಕೆ ಹೇಳಿಬಿಡಿ."

ಪೊಲ್ದೋ ಮೈಕನ್ನು ಎರಡೂ ಕೈಯಲ್ಲಿ ಹಿಡಿದ. "ಹಂಗಾಮಿ ಗವರ್ನರ್, ಗವರ್ನರ್ ಅಲ್ಲ. ಅವರು ಯಾರ ತಾತನೇ ಆಗಿರ್ಲಿ. ಗವರ್ನರ್ ಊರಲ್ಲಿಲ್ಲ ಅಂದ್ರೆ ಕುರ್ಚಿ ಖಾಲಿ ಅಂತ ಅರ್ಥ ಅಲ್ಲ. ಈ ನಿಯಮ ಇವತ್ತಿಗೂ ಒಂದೇ, ನಾಳೆಗೂ ಒಂದೇ!"

ಹಜಾರ ಚಪ್ಪಾಳೆಯಿಂದ ಗಡಗಡಿಸಿತು. ಪಾದ್ರಿಗಳೂ ತಟ್ಟಿದರು. ಬೆನಿಲ್ದಾ ಎಲ್ಲರಿಗಿಂತ ಜೋರಾಗಿ ತಟ್ಟಿದರು. ದೋನ್ಯಾ ಮುಖ ಆಚೆ ತಿರುಗಿಸಿದರು. ಲುರ್ದೆಸ್ ಕಣ್ಣೊರೆಸಿಕೊಂಡಳು.

ಬೆನಿಲ್ದಾ ಪರದೆ ಸರಿಸಿದರು. ಸಹಾಯಕ ಪೊಲ್ದೋನ ಆದೇಶವನ್ನು ಮೇಜಿನ ಮೇಲೆ ಹರಡಿದ. ಅವರು ಪೆನ್ನಿನ ಮುಚ್ಚಳ ತೆಗೆದು, ಕಾಗದದ ಹತ್ತಿರ ತಂದು, ಹಾಗೇ ನಿಲ್ಲಿಸಿದರು.

"ಪೊಲ್ದೋ, ಗವರ್ನರ್ ಇವತ್ತು ಬೆಳಿಗ್ಗೆ ಹಾಂಕಾಂಗಿಗೆ ಹೋದ್ರು, ಡಾಕ್ಟರಿಗೆ ಮೊಣಕಾಲು ತೋರಿಸೋಕೆ. ಪ್ರಚಾರಕ್ಕೆ ಮುಂಚೆ ನಡೆಯೋ ಹಾಗಾಗ್ಬೇಕಲ್ಲ. ಅವರು ಬರೋವರೆಗೆ ನಾನು ಹಂಗಾಮಿ."

ಹಿಂದಿನ ಕಾರು ಬಂತೇನೋ ಎಂದು ಪೊಲ್ದೋ ಬಾಗಿಲ ಕಡೆ ನೋಡಿದ.

"ನಾಲ್ಕು ದಿನದ ಹಂಗಾಮಿಗೆ ನೇಮಕ ಮಾಡೋ ಅಧಿಕಾರ ಇಲ್ಲ. ಕಾನೂನು ಹಾಗೇ ಹೇಳುತ್ತೆ. ಸಾಮಾನ್ಯವಾಗಿ ಯಾರೂ ಕೇಳಲ್ಲ. ಗವರ್ನರ್ ಒಪ್ಪಿದ್ದೇ ತಾನೆ ಅಂತ ನಾನೂ ಸಹಿ ಹಾಕೋಕೇ ಬಂದಿದ್ದೆ. ಆದ್ರೆ ನೀವೀಗ ಇಡೀ ಪ್ರಾಂತದ ಎದುರು..." ಅವರು ನಿಜಕ್ಕೂ ಬೇಸರದಿಂದ ಪೆನ್ನಿನ ಮುಚ್ಚಳ ಹಾಕಿದರು. "ನಮ್ಮ ತಾತನಿಗೊಂದು ನಿಯಮ, ನನಗೊಂದು ನಿಯಮ ಅಂತ ಆಗಬಾರದಲ್ಲ?"

"ಆಗಬಾರದು, ಮೇಡಂ," ಎಂದ ಪೊಲ್ದೋ. ಹಾಗೆನ್ನದೆ ಅವನಿಗೆ ಬೇರೆ ದಾರಿಯೂ ಇರಲಿಲ್ಲ.

ದೋನ್ಯಾ ರೆಮೆದಿಯೋಸ್ ಹತ್ತಿರ ಬಂದು, ಚೀಲದಿಂದ ಒಂದು ಅಕ್ಕಿ ಕಡುಬು ತೆಗೆದು ಅವನ ಕೈಗಿಟ್ಟರು. "ತಿನ್ನೋ ಮಗಾ. ಹಂಗಾಮಿಗಳ ಕಷ್ಟ ಹಂಗಾಮಿ ಮನೆಯವರಿಗೇ ಗೊತ್ತು."

ಜನ ಚದುರಿದರು. ಲುರ್ದೆಸ್ ಗಂಡನ ತೋಳು ಹಿಡಿದು ನಿಂತಳು. ಮನೆಯಲ್ಲಿ ಶ್ಯಾವಿಗೆ ಆರುತ್ತಿತ್ತು, ಅಕ್ಕಪಕ್ಕದವರು ಕಾಯುತ್ತಿದ್ದರು. ಭಾವನ ಅಂಗಿಗೆ ಬೆವರಿನ ಕಲೆಯಾಗದಿರಲೆಂದು ಪೊಲ್ದೋ ಅದನ್ನು ಕಳಚಿ, ಜಾಗ ಹುಡುಕಿ ನೋಡಿ, ಕೊನೆಗೆ ಆ ಮೊಳೆಗೇ ತೂಗುಹಾಕಿದ.

"ನಾಳೆ ಬೆಳಿಗ್ಗೆ ಹೊಸ ಅರ್ಜಿ ಬರೀತೀನಿ," ಎಂದ ಹಲ್ಲು ಕಚ್ಚಿ.

ಆಗ ಮಾಂಗ್ ಇಸ್ಯೋಂಗ್ ಬಂದ, ಬಗಲಲ್ಲಿ ಸೋತ ಹುಂಜ.

"ಯಾರದಪ್ಪಾ ಈ ಅಂಗಿ? ತೆಗೀರಿ, ತೆಗೀರಿ." ಮೊಳೆಯನ್ನು ಎಡಕ್ಕೊಮ್ಮೆ ತಿರುವಿದ. ಅದು ಬೆಣ್ಣೆಯಿಂದ ಕೂದಲು ಬಂದಂತೆ ಬಂತು. ಜೇಬಿಗೆ ಹಾಕಿಕೊಂಡ. "ಕೆಲಸ ಮಾಡುವಾಗ ನನ್ನ ಟೋಪಿ ಹಾಕೋಕೆ ಅಂತ ಹೊಡೆದಿದ್ದೆ. ಹಂಗಾಮಿ ಮೊಳೆ ಕಣೋ ಇದು!"