ಶಹಾಬಾದ ಟಾಕೀಜಿನಲ್ಲಿ ಹುಟ್ಟಿದ ತಂಗಿ

ನಿಜಾಮರ ಕಾಲದಲ್ಲಿ ಉರ್ದು ಕಲಿತ ಮಾಸ್ತರ ನಾನು. ಹಿಂದಿ ಸಿನಿಮಾ ನನಗೆ ನೀರು ಕುಡಿದಷ್ಟು ಸಲೀಸು. ಹೀಗಾಗಿ ಕುರಕುಂಟಾದಿಂದ ನಮ್ಮತ್ತೆ ಚಿತ್ತಾಪುರಕ್ಕೆ ಮಗಳ ಮನೆಗೆ ಬಂದಾಗ, ತಾಯಿ ಮಗಳಿಬ್ಬರಿಗೂ ಶಹಾಬಾದಿನಲ್ಲಿ ಮ್ಯಾಟನಿ ತೋರಿಸುವ ಘನಕಾರ್ಯವನ್ನು ಮೈಮೇಲೆ ಹಾಕಿಕೊಂಡೆ. ಇಬ್ಬರಿಗೂ ಹಿಂದಿ ಬಾರದು.

"ನಾ ಇದ್ದೀನಲ್ಲ! ಎಲ್ಲಾ ಕನ್ನಡದಾಗ ಹೇಳ್ತೀನಿ," ಎಂದೆ.

ಪೋಸ್ಟರಿನಲ್ಲಿ ಗಂಡ, ಹೆಂಡತಿ, ಕೂಸು ನಗುತ್ತಿದ್ದರು. ಸಂಸಾರದ ಚಿತ್ರ! ಹಿಂದೆ ಮೂಲೆಯಲ್ಲಿ ಇನ್ನೊಬ್ಬ ಹೆಣ್ಣುಮಗಳಿದ್ದಳು. ಅವಳನ್ನು ನಾನು ಅಷ್ಟಾಗಿ ಗಮನಿಸಲಿಲ್ಲ.

ಅರ್ಧ ತಾಸಿನಲ್ಲಿ ಆ ಇನ್ನೊಬ್ಬಳು ನಾಯಕನ ಭುಜಕ್ಕೆ ತಲೆ ಆನಿಸಿ ಕುಳಿತಳು.

"ಯಾರ್ರೀ ಅಳಿಯಾರ, ಆಕಿ?" ಅತ್ತೆ ಕೇಳಿದರು.

ಎಡಕ್ಕೆ ಅತ್ತೆ, ಬಲಕ್ಕೆ ಹೆಂಡತಿ. ನಡುವೆ ಕುಳಿತ ಅಳಿಯ ಏನೆಂದು ಹೇಳಬೇಕು?

"ಅವನ ತಂಗಿ," ಎಂದೆ.

ಅಲ್ಲಿಂದ ನನ್ನ ದೆಸೆ ಕೆಟ್ಟಿತು. ನಾಯಕ ಬೇಡವೆಂದರೂ ಆಕೆ ಬಿಡಲೊಲ್ಲಳು. ಹೊತ್ತಿಲ್ಲ ಗೊತ್ತಿಲ್ಲ, ಫೋನು ಮಾಡಿದಳು. ಆಫೀಸಿನ ಬಾಗಿಲಿಗೆ ಬಂದು ನಿಂತಳು. ಕೂಸನ್ನೇ ಎತ್ತಿಕೊಂಡು ಹೋದಳು!

"ಯಾಕ್ರೀ ಹಿಂಗ ಮಾಡಾಕತ್ತಾಳ?" ಹೆಂಡತಿ ಗಾಬರಿಯಾದಳು.

"ಪಂಚಮಿಗೆ ಕರೀಲಿಕ್ಕೆ ಹೋಗಿಲ್ಲ. ಸೀರಿನೂ ಕೊಟ್ಟಿಲ್ಲ. ಸಿಟ್ಟಾಗ್ಯಾಳ."

ಕೊನೆಗೆ ಆಕೆ ಚಾಕು ಹಿಡಿದು ನಾಯಕನ ಹೆಂಡತಿಯ ಮೇಲೇರಿ ಹೋದಳು.

"ಒಂದು ಸೀರಿಗಿ ಇಷ್ಟೆಲ್ಲಾ!" ಅತ್ತೆ ಎದೆ ಹಿಡಿದುಕೊಂಡರು. ಪೊಲೀಸರು ಬಂದ ಮೇಲೆಯೇ ನನಗೂ ಉಸಿರು ಬಂತು.

ಅಲ್ಲಿಗೆ ಮುಗಿಯಿತೆಂದು ತಿಳಿದೆ. ಆದರೆ ಅತ್ತೆ ಇನ್ನೂ ನಮ್ಮಲ್ಲೇ ಇರುವಾಗ ಪಂಚಮಿ ಬಂತು. ರಜೆ ಸಿಗದೆ ನಾನು ದಂಡೋತಿಗೆ ಕೊಟ್ಟ ನನ್ನ ಸ್ವಂತ ತಂಗಿ ನೀಲಮ್ಮನನ್ನು ಕರೆಯಲು ಹೋಗಿರಲಿಲ್ಲ. ಪಾಪ, ಅವಳೇ ಬಸ್ಸು ಹತ್ತಿ ಬಂದಳು!

ಅವಳು ಹೊಸ್ತಿಲು ದಾಟುವ ಮೊದಲೇ ನನ್ನಾಕೆ ತನ್ನ ಹೊಸ ಇಳಕಲ್ ಸೀರೆಯನ್ನು ಅವಳ ಕೈಗಿಟ್ಟು ದೂರ ಸರಿದಳು. ಅತ್ತೆ ಕಾಯಿಪಲ್ಲೆ ಹೆಚ್ಚುವ ಈಳಿಗೆಯನ್ನು ಜೋಳ ತುಂಬಿಡುವ ಗುಮ್ಮಿಯೊಳಗೆ ಹುಗಿದು ಬಂದರು. ನೀಲಮ್ಮ ನಮ್ಮ ಕೂಸಿಗೆ ಕೈ ಚಾಚಿದಳು. ಅತ್ತೆ ಕೂಸನ್ನು ಎತ್ತಿಕೊಂಡು ಒಳಗೆ ಓಡಿದರು!

ನೀಲಮ್ಮನ ಕಣ್ಣು ತುಂಬಿ ಬಂತು.

"ಅಣ್ಣಾ, ನಾ ಏನು ತಪ್ಪು ಮಾಡೀನಿ? ತವರಿಗೆ ಬರಬಾರದಿತ್ತೇನು? ಬಂದ ಬಸ್ಸಿಗೇ ತಿರುಗಿ ಹೋಗ್ತೀನಿ," ಎಂದು ಚೀಲ ಎತ್ತಿಕೊಂಡಳು.

ಹಬ್ಬದ ದಿನ ತಂಗಿ ಅಳುತ್ತ ಹೋದರೆ ನಾನು ಯಾವ ಬಾಯಿಂದ ಉಂಡಿ ತಿನ್ನಲಿ? ನಡುಮನೆಯಲ್ಲಿ ನಿಂತು ಸತ್ಯವನ್ನು ಘೋಷಿಸಿದೆ.

"ಸಿನಿಮಾದಾಕಿ ತಂಗಿ ಅಲ್ಲ! ಅವ ಇಟ್ಟುಕೊಂಡಾಕಿ!"

"ಶಿವಶಿವಾ!" ಎನ್ನುತ್ತ ಅತ್ತೆ ಕೂಸನ್ನು ತಂದು ನೀಲಮ್ಮನ ಮಡಿಲಿಗೆ ಹಾಕಿದರು. ಅತ್ತಿಗೆ ನಾದಿನಿ ಕೈ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ನಗಲು ಅವಸರ ಮಾಡಿದೆ.

"ಅಲ್ರೀ," ಹೆಂಡತಿ ನಗು ನಿಲ್ಲಿಸಿದಳು. "ಅವನ ಕಳ್ಳತನ ನೀವ್ಯಾಕ ಮುಚ್ಚಿದ್ರಿ? ನಿಮಗ್ಯಾಕ ಅಂಜಿಕಿ?"

ಮರುದಿನದಿಂದ ಅವಳು ಬುತ್ತಿಯ ನೆವದಲ್ಲಿ ಶಾಲೆಯ ಬಾಗಿಲಿಗೆ ಬಂದು ನಿಲ್ಲತೊಡಗಿದಳು. ಸಂತೆಗೆ ಹೋದರೆ ಸಂತೆಗೆ, ವಾಡಿ ಸ್ಟೇಷನ್ನಿಗೆ ಹೋದರೆ ಅಲ್ಲಿಗೆ! ಆ ನಾಯಕನಿಗಾದರೂ ಒಬ್ಬಳಿದ್ದಳು. ನಾನು ಅದೂ ಇಲ್ಲದೆ ಶಿಕ್ಷೆ ಅನುಭವಿಸುತ್ತಿದ್ದೇನೆ.

ಈಳಿಗೆ ಇನ್ನೂ ಗುಮ್ಮಿಯಲ್ಲೇ ಇದೆ. ಅತ್ತೆ ತೆಗೆಯಲು ಹೋದಾಗ, ಸದ್ಯಕ್ಕೆ ಅಲ್ಲೇ ಇರಲಿ ಎಂದವನು ನಾನೇ!